ಮಾನದ ಮೇಲೆ ಯಾರಿಗಾದರೂ ಸಿಟ್ಟು ಬರುತ್ತದೆಯೇ? ‘ಔಟ್‌ರೇಜ್’ ಎಂಬ ಪದದ ಕಥೆ

“ಮಾಷ್ಟ್ರೇ, ಹೆಂಗಸಿನ ಮಾನದ ಮೇಲೆ ಯಾರಿಗಾದರೂ ಸಿಟ್ಟು ಬರುತ್ತದೆಯೇ?”

ನೆರೆಮನೆಯ ಹುಡುಗಿ ಜಗಲಿಯಲ್ಲಿ ಕುಳಿತು ಈ ಪ್ರಶ್ನೆ ಕೇಳಿದಾಗ ಅವಳ ಮಡಿಲಲ್ಲಿ ಭಾರತೀಯ ದಂಡ ಸಂಹಿತೆಯ ಹಳೆಯ ಪ್ರತಿಯೊಂದಿತ್ತು. ಹತ್ತನೆಯ ತರಗತಿಯವರೆಗೆ ಕೇರಳದ ಕಾಸರಗೋಡಿನ ನಮ್ಮ ಬದಿಯಡ್ಕದ ಕಡೆಯ ಶಾಲೆಯಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಮಂಗಳೂರಿಗೆ ಹೋಗಿ ಕಾನೂನು ಓದುತ್ತಿದ್ದಾಳೆ. 354ನೆಯ ಸೆಕ್ಷನ್ನಿನಲ್ಲಿ ಹೆಣ್ಣಿನ ‘ಮಾಡೆಸ್ಟಿ’ಯನ್ನು, ಅಂದರೆ ಮಾನವನ್ನು, ‘ಔಟ್‌ರೇಜ್’ ಮಾಡುವ ಉದ್ದೇಶದಿಂದ ನಡೆಸಿದ ಹಲ್ಲೆ ಎಂದಿದೆ. ಔಟ್‌ರೇಜ್ ಎಂದರೆ ತೀವ್ರವಾದ ಕೋಪ ಎಂದು ಅವಳ ಮೊಬೈಲ್ ನಿಘಂಟು ಹೇಳುತ್ತದೆ. ಎರಡನ್ನೂ ಜೋಡಿಸಿದರೆ ಮಾನದ ಮೇಲೆ ಕೋಪಗೊಳ್ಳುವುದು ಎಂದಾಗುತ್ತದೆ. ಅವಳ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ.

ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವನು ನಾನು. ಈ ಪದವನ್ನು ‘ಕೋಪ’ ಎಂದೇ ಹಲಿಗೆಯ ಮೇಲೆ ಬರೆದು ಮುಂದಕ್ಕೆ ಹೋದದ್ದು ಎಷ್ಟು ಸಲವೋ. ಅದು ಅರ್ಧ ಸತ್ಯ. ಉಳಿದರ್ಧ ತಿಳಿಯದೆ ಹೋದರೆ ಕಾನೂನಿನ ಒಂದು ವಾಕ್ಯವೂ ನೆಟ್ಟಗೆ ಅರ್ಥವಾಗುವುದಿಲ್ಲ ಎಂದು ಆ ಸಂಜೆ ಮನಸ್ಸಿಗೆ ಬಂತು.

ಪದವನ್ನು ಒಡೆಯುವಾಗಲೇ ನಾವು ತಪ್ಪುತ್ತೇವೆ. ಕಣ್ಣಿಗೆ ಕಾಣುವುದು ‘ಔಟ್’ ಮತ್ತು ‘ರೇಜ್’. ಔಟ್ ಎಂದರೆ ಹೊರಗೆ, ರೇಜ್ ಎಂದರೆ ರೋಷ, ಹಾಗಾದರೆ ಹೊರಗೆ ಉಕ್ಕಿದ ರೋಷ. ಎಷ್ಟು ಸಲೀಸಾಗಿ ಕೂಡಿಬರುತ್ತದೆ! ಆದರೆ ಈ ಪದ ಹುಟ್ಟಿದ್ದು ಹಾಗಲ್ಲ. ಸುಮಾರು 1300ರ ಹೊತ್ತಿಗೆ ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಇದನ್ನು ಒಡೆಯಬೇಕಾದದ್ದು ‘ಔಟ್ರ್’ ಮತ್ತು ‘ಏಜ್’ ಎಂದು. ಮೊದಲಿನ ತುಂಡಿನ ಮೂಲ ಲ್ಯಾಟಿನಿನ ‘ಅಲ್ಟ್ರಾ’, ಅಂದರೆ ಆಚೆಗೆ, ಮೀರಿ. ಆಸ್ಪತ್ರೆಯಲ್ಲಿ ನಾವೆಲ್ಲ ಮಾಡಿಸಿಕೊಳ್ಳುವ ಅಲ್ಟ್ರಾಸೌಂಡ್ ಸ್ಕ್ಯಾನಿಂಗಿನಲ್ಲಿ ಇರುವುದೂ ಅದೇ: ಕಿವಿಯ ಮಿತಿಯನ್ನು ಮೀರಿದ ಶಬ್ದ. ಎರಡನೆಯ ತುಂಡು ‘ಪ್ಯಾಸೇಜ್’, ‘ವಿಲೇಜ್’, ‘ಬ್ಯಾಗೇಜ್’ ಪದಗಳ ಕೊನೆಯಲ್ಲಿ ಬರುವ ಬಾಲ, ಬರಿಯ ಪ್ರತ್ಯಯ. ಹಾಗಾಗಿ ಔಟ್‌ರೇಜ್ ಎಂದರೆ ‘ಮೀರುವಿಕೆ’. ಅದರ ಹುಟ್ಟಿನಲ್ಲಿ ಕೋಪದ ಸುಳಿವೂ ಇಲ್ಲ. ಮೊದಮೊದಲು ಊಟ, ಕುಡಿತ, ಉಡುಗೆ, ಮಾತು ಯಾವುದರಲ್ಲಿ ಅಳತೆ ತಪ್ಪಿದರೂ ಅದಕ್ಕೆ ಈ ಹೆಸರು ಸಲ್ಲುತ್ತಿತ್ತು. ಜೊತೆಗೇ ದುಷ್ಕೃತ್ಯ, ಅವಮಾನ ಎಂಬ ಅರ್ಥಗಳೂ ನಡೆದುಬಂದವು.

ರೇಜ್ ಬೇರೆಯೇ ಮನೆಯ ಪದ. ಅದರ ಮೂಲ ಲ್ಯಾಟಿನಿನ ‘ರೇಬೀಸ್’. ಹುಚ್ಚುನಾಯಿ ಕಚ್ಚಿ ಬರುವ ರೋಗಕ್ಕೆ ಇಂದಿಗೂ ಅದೇ ಹೆಸರು. ಉನ್ಮಾದವೇ ಅದರ ಮೊದಲ ಅರ್ಥ. ನಮ್ಮ ‘ರೇಗು’ ಕ್ರಿಯಾಪದಕ್ಕೂ ರೇಜಿಗೂ ನೆಂಟಸ್ತಿಕೆ ಇದೆಯೇ ಎಂದು ಮಕ್ಕಳು ಕೇಳುವುದುಂಟು. ಇಲ್ಲ. ರೇಗು ದ್ರಾವಿಡದ ಸ್ವಂತ ಮಾತು, ತೆಲುಗಿನಲ್ಲೂ ಇದೆ. ದನಿ ಹೋಲುತ್ತದೆ, ಅಷ್ಟೇ.

ಹುಟ್ಟು ಬೇರೆಯಾದರೂ ಜನರ ಕಿವಿ ಸುಮ್ಮನಿರುವುದಿಲ್ಲ. ಇಂಗ್ಲಿಷರ ಕಿವಿಗೂ ಇದರಲ್ಲಿ ‘ಔಟ್’ ಮತ್ತು ‘ರೇಜ್’ ಕೇಳಿಸಿದವು. ಹಾಗೆ ಕೇಳಿಸುತ್ತ ಕೇಳಿಸುತ್ತ ಅರ್ಥವೂ ಆ ಕಡೆಗೆ ವಾಲಿತು. ‘ಅಳತೆ ಮೀರಿದ್ದು’ ಎಂಬುದು ‘ಅಳತೆ ಮೀರಿದ ಹಿಂಸೆ’ಯಾಯಿತು. ಹದಿನೆಂಟನೆಯ ಶತಮಾನದ ಉತ್ತರಾರ್ಧಕ್ಕೆ ಬರುವಾಗ ಮನಸ್ಸಿಗೆ, ನಂಬಿಕೆಗೆ ಆದ ಗಾಯಕ್ಕೂ ಅದೇ ಹೆಸರು ಬಂತು. ಕೊನೆಗೆ ಗಾಯ ಕಂಡು ಎದ್ದ ಸಿಟ್ಟಿಗೂ ಅದೇ ಹೆಸರಾಯಿತು. ತಪ್ಪಾಗಿ ಒಡೆದ ಪದವೊಂದು ಆ ಒಡಕಿನ ಅರ್ಥವನ್ನೇ ತನ್ನದಾಗಿಸಿಕೊಂಡಿತು.

ನಮ್ಮಲ್ಲಿ ಇದಕ್ಕೆ ಒಬ್ಬ ಅವಳಿ ಇದ್ದಾನೆ: ಅತ್ಯಾಚಾರ. ಅತಿ ಮತ್ತು ಆಚಾರ ಕೂಡಿ ಆದದ್ದು. ಆಚಾರವನ್ನು ಮೀರಿದ್ದು ಯಾವುದೇ ಆಗಲಿ, ಅದು ಅತ್ಯಾಚಾರ. ಹಿಂದಿಯಲ್ಲಿ ಇಂದಿಗೂ ಆ ಪದಕ್ಕೆ ದಬ್ಬಾಳಿಕೆ, ದೌರ್ಜನ್ಯ ಎಂಬ ಅಗಲವಾದ ಅರ್ಥವೇ ಇದೆ. 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯನ್ನು ಹಿಂದಿಯವರು ಅತ್ಯಾಚಾರ ನಿವಾರಣ ಕಾಯ್ದೆ ಎನ್ನುತ್ತಾರೆ. ಕನ್ನಡದಲ್ಲಿ ಅದೇ ಪದ ಕಿರಿದಾಗುತ್ತ ಬಂದು ಈಗ ಒಂದೇ ಒಂದು ಅಪರಾಧದ ಹೆಸರಾಗಿದೆ. ಔಟ್‌ರೇಜ್‌ಗೆ ಅಕ್ಷರಕ್ಕೆ ಅಕ್ಷರ ಸಾಟಿಯಾಗಬಹುದಾಗಿದ್ದ ಪದವೇ ನಮ್ಮ ಕೈಯಿಂದ ಜಾರಿದೆ. ಅನುವಾದಕರ ಕಷ್ಟದ ಬೇರು ಇಲ್ಲಿದೆ ಎಂದು ನನಗನ್ನಿಸುತ್ತದೆ.

ಹುಡುಗಿಗೆ ನಾನು ಮೊದಲು ತೋರಿಸಿದ್ದು ವ್ಯಾಕರಣದ ಒಂದು ಗುರುತು. ಪದದ ಮುಂದೆ ‘ಆ್ಯನ್’ ಇದ್ದರೆ, ಅಥವಾ ಬಹುವಚನವಾಗಿ ‘ಔಟ್‌ರೇಜಸ್’ ಎಂದಿದ್ದರೆ ಅದು ಕೃತ್ಯ, ಯಾರೋ ಮಾಡಿದ್ದು, ಎಣಿಸಬಹುದಾದದ್ದು. ‘ಆ್ಯನ್’ ಇಲ್ಲದೆ, ಏಕವಚನದಲ್ಲಿ ಒಂಟಿಯಾಗಿ ನಿಂತಿದ್ದರೆ ಸಾಮಾನ್ಯವಾಗಿ ಅದು ಆ ಕೃತ್ಯ ಕಂಡವರ ಎದೆಯಲ್ಲಿ ಎದ್ದ ಭಾವ. ಕ್ರಿಯಾಪದವಾದಾಗ ಕಟ್ಟುಪಾಡನ್ನು ಮುರಿಯುವುದು, ಘಾಸಿಗೊಳಿಸುವುದು ಎಂಬ ಅರ್ಥ. ‘ಔಟ್‌ರೇಜ್ಡ್’ ಎಂದರೆ ಹಾಗೆ ಘಾಸಿಗೊಂಡು ಸಿಡಿದೆದ್ದ ಮನುಷ್ಯ. ಒಂದೇ ಪದ ಮಾಡಿದವನ ಕಡೆಯೂ ಇದೆ, ನೋಡಿದವನ ಕಡೆಯೂ ಇದೆ. ಕನ್ನಡದಲ್ಲಿ ಇದಕ್ಕೆ ಎರಡು ಪದ ಬೇಕೇಬೇಕು.

ನಮ್ಮ ಕುಂಬಳೆ ಸೀಮೆ ಯಕ್ಷಗಾನ ಪ್ರಸಂಗಗಳ ಕವಿ ಪಾರ್ತಿಸುಬ್ಬನ ನಾಡು. ಇಲ್ಲಿ ಬೆಳೆದವರಿಗೆ ತಾಳಮದ್ದಳೆಯ ದ್ರೌಪದಿ ವಸ್ತ್ರಾಪಹಾರ ಗೊತ್ತಿಲ್ಲದೆ ಇರುವುದಿಲ್ಲ. ಆ ಸಭೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ದುಶ್ಶಾಸನ ಸೀರೆಯ ಸೆರಗಿಗೆ ಕೈ ಹಾಕಿದನಲ್ಲ, ಅದು ಔಟ್‌ರೇಜ್. ಭೀಮನ ತೋಳು ನಡುಗಿತಲ್ಲ, ಅದೂ ಔಟ್‌ರೇಜ್. ನನಗೆ ಅವರಿಬ್ಬರಿಗಿಂತ ಮುಖ್ಯನಾಗಿ ಕಾಣುವವನು ವಿಕರ್ಣ. ಅವನು ಕೌರವನ ತಮ್ಮ. ಅವನಿಗೆ ಯಾರೂ ಏನೂ ಮಾಡಿರಲಿಲ್ಲ. ಆದರೂ ಎದ್ದುನಿಂತು ಇದು ಧರ್ಮವಲ್ಲ ಎಂದನು. ಬರಿಯ ಕೋಪಕ್ಕೂ ಈ ಭಾವಕ್ಕೂ ಇರುವ ಅಂತರ ಅವನಲ್ಲಿ ಚೆನ್ನಾಗಿ ಕಾಣುತ್ತದೆ. ನನ್ನ ಕಾಲು ತುಳಿದವನ ಮೇಲೆ ನನಗೆ ಬರುವುದು ಕೋಪ. ಯಾರದೋ ಮಗಳ ಸೆರಗು ಸೆಳೆದಾಗ, ನನಗೆ ನಷ್ಟವಿಲ್ಲದಿದ್ದರೂ ಬರುವುದು ಔಟ್‌ರೇಜ್. ಆಟಿ ತಿಂಗಳ ಗಾಳಿಮಳೆಗೆ ತೋಟದ ಕಂಗು, ಅಂದರೆ ಅಡಿಕೆಮರ, ಮುರಿದು ಬಿದ್ದರೆ ದುಃಖವಾಗುತ್ತದೆ, ಗಾಳಿಯನ್ನು ಬೈದರೂ ಬೈದೇವು. ಆದರೆ ಗಾಳಿಗೆ ಮೀರಲು ಎಲ್ಲೆಯೇ ಇಲ್ಲ. ಅದರ ಮೇಲೆ ಔಟ್‌ರೇಜ್ ಹುಟ್ಟುವುದಿಲ್ಲ. ಅದೇ ಮಳೆಗೆ ಹೋದ ವರ್ಷವಷ್ಟೇ ಕಟ್ಟಿದ ಸಂಕ (ಕಿರುಸೇತುವೆ) ಕೊಚ್ಚಿಹೋಗಿ, ಒಳಗೆ ಕಬ್ಬಿಣವನ್ನೇ ಹಾಕಿರಲಿಲ್ಲ ಎಂದು ತಿಳಿದುಬಂದರೆ? ಆಗ ಹುಟ್ಟುತ್ತದೆ.

ಈಗ ಅವಳ ಸೆಕ್ಷನ್ನಿಗೆ ಬರೋಣ. ದಂಡ ಸಂಹಿತೆ 1860ರ ಕಾಯ್ದೆ. ಜಾರಿಗೆ ಬಂದದ್ದು 1862ರ ಜನವರಿ 1ರಂದು. ಅದನ್ನು ಬರೆದವರು ಔಟ್‌ರೇಜ್ ಪದವನ್ನು ಹಳೆಯ ಅರ್ಥದಲ್ಲೇ, ಮುರಿಯುವುದು ಎಂಬ ಅರ್ಥದಲ್ಲೇ ಬಳಸಿದರು. ಆದ್ದರಿಂದ ಕನ್ನಡದಲ್ಲಿ ‘ಮಾನಭಂಗ’ ಎಂದದ್ದು ಸರಿಯಾಗಿಯೇ ಇದೆ. ಭಂಗ ಎಂದರೆ ಮುರಿತ. ಅದರ ಜಾಗಕ್ಕೆ ಬಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಈ ಅಪರಾಧ 74ನೆಯ ಸೆಕ್ಷನ್ ಆಗಿದೆ. ಅಂಕಿ ಬದಲಾಯಿತು, ಔಟ್‌ರೇಜ್ ಹಾಗೆಯೇ ಉಳಿಯಿತು.

ಈ ಪದ ಕೃತ್ಯವನ್ನು ಹೇಳುತ್ತದೆಯೋ ಭಾವವನ್ನೋ ಎಂಬುದು ಸುಪ್ರೀಂ ಕೋರ್ಟಿನ ಮುಂದೆಯೇ ಬಂದ ಪ್ರಶ್ನೆ. ಪಂಜಾಬ್ ಸರಕಾರ ಮತ್ತು ಮೇಜರ್ ಸಿಂಗ್ ನಡುವಿನ ಪ್ರಕರಣ, 1966ರ ತೀರ್ಪು. ದೌರ್ಜನ್ಯಕ್ಕೆ ಒಳಗಾದದ್ದು ಏಳೂವರೆ ತಿಂಗಳ ಹಸುಗೂಸು. ಆ ಕೂಸಿಗೆ ಲಜ್ಜೆ ಎಂದರೇನೆಂದು ತಿಳಿಯದು. ತನಗೆ ಏನಾಯಿತೆಂಬ ಅರಿವಿಲ್ಲ. ಅವಮಾನವೆಂಬ ಭಾವವೇ ಅದರಲ್ಲಿ ಇನ್ನೂ ಮೂಡಿಲ್ಲ. ಹಾಗಿರುವಾಗ ಮಾನಭಂಗವಾಯಿತು ಎನ್ನುವುದು ಹೇಗೆ ಎಂಬ ವಾದಕ್ಕೆ ಹೈಕೋರ್ಟಿನಲ್ಲಿ ಮನ್ನಣೆ ಸಿಕ್ಕಿತ್ತು. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ಅದನ್ನು ಒಪ್ಪಲಿಲ್ಲ. ಹೆಣ್ಣಿನ ಮಾನ ಅವಳು ಹುಟ್ಟಿದಂದಿನಿಂದ ಅವಳ ಜೊತೆಗಿದೆ, ಅವಳಿಗೆ ಅದು ಅರಿವಾಯಿತೇ ಇಲ್ಲವೇ ಎಂಬುದು ಅಪರಾಧವನ್ನು ನಿರ್ಧರಿಸುವುದಿಲ್ಲ ಎಂಬುದು ಅವರ ನಿಲುವಿನ ಸಾರ. ಆರೋಪಿ 354ರ ಅಡಿಯಲ್ಲೇ ತಪ್ಪಿತಸ್ಥನಾದನು.

ಇದನ್ನು ಹೇಳಿ ಮುಗಿಸಿದಾಗ ಹುಡುಗಿ ತುಂಬ ಹೊತ್ತು ಮಾತಾಡಲಿಲ್ಲ. ನನಗೂ ಈ ತೀರ್ಪನ್ನು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಕೋಪಿಸಿಕೊಳ್ಳಲು ಶಕ್ತಿಯಿಲ್ಲದ ಜೀವದ ಮೇಲೂ ಔಟ್‌ರೇಜ್ ನಡೆಯುತ್ತದೆ. ನಿಘಂಟಿನ ‘ತೀವ್ರ ಕೋಪ’ವನ್ನಷ್ಟೇ ನಂಬಿದವನಿಗೆ ಆ ಕೂಸಿನ ಪಾಲಿನ ನ್ಯಾಯವೇ ಕಾಣುವುದಿಲ್ಲ.

ಇದೇ ಕ್ರಿಯಾಪದ ಇನ್ನೊಂದು ಕಡೆಯೂ ಇದೆ. ಲಾಹೋರಿನ ಪ್ರಕರಣವೊಂದರ ಬಳಿಕ 1927ರಲ್ಲಿ ಸೇರಿಸಿದ 295-ಎ ಸೆಕ್ಷನ್, ಧಾರ್ಮಿಕ ಭಾವನೆಗಳನ್ನು ಔಟ್‌ರೇಜ್ ಮಾಡುವ ಉದ್ದೇಶದ ಕೃತ್ಯಗಳನ್ನು ಶಿಕ್ಷಿಸುತ್ತದೆ. ಹೊಸ ಸಂಹಿತೆಯಲ್ಲಿ ಅದು 299. ನಮ್ಮ ಪತ್ರಿಕೆಗಳು ಇದನ್ನು ‘ಧಾರ್ಮಿಕ ಭಾವನೆಗಳಿಗೆ ಧಕ್ಕೆ’ ಎನ್ನುತ್ತವೆ. ಧಕ್ಕೆ ಎಂಬುದು ಇಲ್ಲಿ ತೀರ ಹಗುರವಾಯಿತು ಎಂದು ನಾನು ಬಲವಾಗಿ ನಂಬುತ್ತೇನೆ. ಜಾತ್ರೆಯ ಗದ್ದಲದಲ್ಲಿ ಭುಜ ತಗಲಿದರೂ ಧಕ್ಕೆಯೇ. 1957ರಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನನ್ನು ಎತ್ತಿಹಿಡಿದಾಗ ಕೊಟ್ಟ ಕಾರಣವೇ ಬೇರೆ: ಎಲ್ಲ ಅವಮಾನವೂ ಇದರೊಳಗೆ ಬರುವುದಿಲ್ಲ, ಬೇಕೆಂದೇ, ಕೆಡುಕಿನ ಉದ್ದೇಶದಿಂದ ಮಾಡಿದ ಉಲ್ಬಣ ರೂಪದ ಅವಮಾನವನ್ನು ಮಾತ್ರ ಇದು ಹಿಡಿಯುತ್ತದೆ ಎಂದು. ಔಟ್‌ರೇಜ್ ಎಂಬ ಭಾರವಾದ ಪದದ ಜಾಗದಲ್ಲಿ ಧಕ್ಕೆ ಬಂದು ಕುಳಿತದ್ದರಿಂದ, ಯಾರಿಗೆ ಏನು ಹಿತವಾಗದಿದ್ದರೂ ಕೇಸು ಹಾಕಬಹುದು ಎಂಬ ಭಾವನೆ ಜನರಲ್ಲಿ ಬೆಳೆದಿದೆ.

ನಮ್ಮ ಮಲಯಾಳ ಪತ್ರಿಕೆಗಳು ಅದನ್ನು ‘ಮತವಿಕಾರಂ ವ್ರಣಪ್ಪೆಡುತ್ತಿ’ ಎಂದು ಬರೆಯುತ್ತವೆ. ವ್ರಣ ಎಂದರೆ ಗಾಯ. ಧಕ್ಕೆಗಿಂತ ಎಷ್ಟೋ ವಾಸಿ. ಆದರೆ ಕನ್ನಡದ ಕಣ್ಣಿಗೆ ಆ ಸಾಲು ಗಾಬರಿ ಹುಟ್ಟಿಸುತ್ತದೆ. ನಮಗೆ ವಿಕಾರವೆಂದರೆ ಕುರೂಪ, ಅವರಿಗೆ ಅದು ಸಹಜವಾದ ಭಾವನೆ. ಗಡಿಯಲ್ಲಿ ಬದುಕುವವರಿಗೆ ಇಂತಹ ಪದಗಳು ದಿನಕ್ಕೆ ಹತ್ತು ಎದುರಾಗುತ್ತವೆ. ಅವರ ‘ದೇಷ್ಯಂ’ ಎಂದರೆ ಮನೆಮಂದಿಯ ನಡುವೆ ಬಂದು ಹೋಗುವ ಸಾದಾ ಸಿಟ್ಟು. ಅದೇ ಬೇರಿನ ನಮ್ಮ ‘ದ್ವೇಷ’ ವರ್ಷಗಟ್ಟಲೆ ಉಳಿಯುವಂಥದ್ದು. ಹವ್ಯಕರ ಮನೆಯಲ್ಲಿ ಇದೇ ಸಿಟ್ಟಿಗೆ ‘ಪಿಸುರು’ ಎನ್ನುತ್ತಾರೆ. ಒಂದೇ ಬಸ್ಸಿನಲ್ಲಿ ಕುಳಿತವರು ಒಂದೇ ಭಾವಕ್ಕೆ ಮೂರು ಹೆಸರು ಹೇಳುವ ಊರು ನಮ್ಮದು.

ಭಾವದ ಅರ್ಥದಲ್ಲಿ ಔಟ್‌ರೇಜ್‌ಗೆ ಕನ್ನಡದಲ್ಲಿ ಈಗ ನೆಲೆಯಾಗಿರುವುದು ‘ಆಕ್ರೋಶ’. ಒಳ್ಳೆಯ ಆಯ್ಕೆ. ಇದರ ಬೇರಿನಲ್ಲಿರುವುದು ಕೂಗು. ಸಂಸ್ಕೃತದಲ್ಲಿ ಕ್ರೋಶವೆಂದರೆ ಕೂಗು, ಹಾಗೆಯೇ ಒಂದು ಅಳತೆಯ ದೂರವೂ ಹೌದು. ನಾವು ‘ಕೂಗಳತೆ’ ಎನ್ನುವಂತೆ. ಮಲಯಾಳದಲ್ಲಿ ಆಕ್ರೋಶವೆಂದರೆ ಇಂದಿಗೂ ಅಬ್ಬರಿಸಿ ಕೂಗುವುದೇ. ಜನರ ಸಾತ್ವಿಕ ಸಿಟ್ಟಿಗೆ ಅವರು ‘ಜನರೋಷಂ’ ಎನ್ನುತ್ತಾರೆ, ನಾವು ಜನಾಕ್ರೋಶ ಎನ್ನುತ್ತೇವೆ. ಇಂಗ್ಲಿಷ್ ಪದ ದಾಟಿದ ಎಲ್ಲೆಯನ್ನು ತೋರಿಸುತ್ತದೆ, ಕನ್ನಡ ಪದ ಅದನ್ನು ಕಂಡವನ ಗಂಟಲನ್ನು. ಆದ್ದರಿಂದ ಕೂಗು ಇಲ್ಲದ ಕಡೆ ಆಕ್ರೋಶ ಎಂದು ಬರೆಯಲು ನನ್ನ ಕೈ ಹಿಂಜರಿಯುತ್ತದೆ.

ನೆರೆಯ ಪದಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ‘ಇಂಡಿಗ್ನೇಶನ್’ ಎಂಬುದರ ಬೇರಿನಲ್ಲಿ ‘ಯೋಗ್ಯವಲ್ಲದ್ದು’ ಎಂಬ ಅರ್ಥವಿದೆ. ಇದು ತಕ್ಕುದಲ್ಲ ಎಂದು ತಲೆಯೆತ್ತಿ ಹೇಳುವ ಸಿಟ್ಟು ಅದು. ಔಟ್‌ರೇಜ್‌ಗಿಂತ ತುಸು ತಣ್ಣಗಿನದು. ‘ರಿಸೆಂಟ್‌ಮೆಂಟ್’ ಎಂದರೆ ಮತ್ತೆ ಮತ್ತೆ ಅನುಭವಿಸುವುದು, ಮೆಲುಕು ಹಾಕಿದ ನೋವು. ಕಾಸರಗೋಡಿನ ಕನ್ನಡಿಗರಿಗೆ ಇವುಗಳ ಅಂತರವನ್ನು ನಿಘಂಟು ಕಲಿಸಬೇಕಾಗಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ನಮ್ಮ ಹಿರಿಯರಿಗೆ ಆದದ್ದು ಔಟ್‌ರೇಜ್. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು 1967ರಲ್ಲಿ ಗಡಿ ವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗ ಹೇಳಿದರೂ ಏನೂ ಆಗದೆ, ವರ್ಷ ವರ್ಷ ಉರುಳಿದಂತೆ ಒಳಗೇ ಹೊಗೆಯಾಡಿದ್ದು ರಿಸೆಂಟ್‌ಮೆಂಟ್. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯ ಎಂದಾಗ ಕನ್ನಡ ಶಾಲೆಯ ಮಕ್ಕಳ ಪರವಾಗಿ ಬೀದಿಗಿಳಿದವರಲ್ಲಿ ಇದ್ದದ್ದು ಮತ್ತೆ ಮೊದಲಿನದೇ. ಮಲಯಾಳ ನನಗೂ ಪ್ರೀತಿಯ ಭಾಷೆ. ಅಲ್ಲಿ ಪ್ರಶ್ನೆ ಇದ್ದದ್ದು ಭಾಷಾ ಅಲ್ಪಸಂಖ್ಯಾತರಿಗೆ ಕೊಟ್ಟ ಮಾತಿನ ಎಲ್ಲೆಯದು.

ಎಲ್ಲೆ ಎಂದ ಮೇಲೆ, ಅದನ್ನು ಎಳೆದವರು ಯಾರು ಎಂದೂ ಕೇಳಬೇಕು. ನಮ್ಮ ದಕ್ಷಿಣಕ್ಕಿರುವ ಮಲಬಾರಿನಲ್ಲಿ 1854ರಲ್ಲಿ ಬ್ರಿಟಿಷರು ತಂದ ಕಾಯ್ದೆಯೊಂದರ ಹೆಸರಲ್ಲೇ ಈ ಪದ ಇತ್ತು: ಮಾಪ್ಪಿಳ ಔಟ್‌ರೇಜಸ್ ಆ್ಯಕ್ಟ್. ಬಹುವಚನವನ್ನು ಗಮನಿಸಿ, ಇದು ಕೃತ್ಯಗಳ ಲೆಕ್ಕ. ಮಾಪ್ಪಿಳರು, ಅಂದರೆ ಮಲಬಾರಿನ ಮುಸ್ಲಿಮರು, ನಡೆಸಿದ ದಾಳಿಗಳನ್ನು ಹತ್ತಿಕ್ಕಲು ಶಂಕಿತರನ್ನು ಗಡೀಪಾರು ಮಾಡುವ, ಇಡೀ ಊರಿಗೇ ದಂಡ ಹೇರುವ ಅಧಿಕಾರವನ್ನು ಅದು ಕೊಟ್ಟಿತು. ಆ ದಾಳಿಗಳಲ್ಲಿ ಜೀವಗಳು ಹೋದದ್ದು ನಿಜ. ಅವುಗಳ ಹಿಂದೆ ಗೇಣಿದಾರರನ್ನು ಒಕ್ಕಲೆಬ್ಬಿಸುವ ಜಮೀನು ವ್ಯವಸ್ಥೆಯ ಒತ್ತಡ ಇದ್ದದ್ದನ್ನು ಇತಿಹಾಸಕಾರರು ಬರೆದಿದ್ದಾರೆ. ಆದರೆ ಒಕ್ಕಲೆಬ್ಬಿಸಿದ್ದಕ್ಕೆ ಆ ಕಾಯ್ದೆಯ ಭಾಷೆಯಲ್ಲಿ ಔಟ್‌ರೇಜ್ ಎಂಬ ಹೆಸರು ಸಿಗಲಿಲ್ಲ. ಈ ಪದವನ್ನು ಉಚ್ಚರಿಸುವವನು ಒಂದು ಗೆರೆಯ ಪಕ್ಕದಲ್ಲಿ ನಿಂತೇ ಉಚ್ಚರಿಸುತ್ತಾನೆ.

‘ಔಟ್‌ರೇಜಸ್’ ಎಂಬ ಈ ಬಹುವಚನದಂತೆಯೇ ಕಿವಿಗೆ ಬೀಳುವ ‘ಔಟ್‌ರೇಜಿಯಸ್’ ಎಂಬ ವಿಶೇಷಣದಲ್ಲಿ ಆ ಹಳೆಯ ‘ಅಳತೆ ಮೀರಿದ್ದು’ ಇನ್ನೂ ಉಸಿರಾಡುತ್ತಿದೆ. ಹಬ್ಬದ ಮುನ್ನಾದಿನ ಸೇವಂತಿಗೆ ಮಾಲೆಗೆ ಹೇಳುವ ಬೆಲೆ, ನಂಬಲಾಗದ ಸುಳ್ಳು, ಎಲ್ಲರೂ ತಿರುಗಿ ನೋಡುವ ಉಡುಪು ಎಲ್ಲಕ್ಕೂ ಅದು ಸಲ್ಲುತ್ತದೆ, ಕೆಲವೊಮ್ಮೆ ಮೆಚ್ಚುಗೆಯಾಗಿಯೂ. ಕನ್ನಡದಲ್ಲಿ ಸಂದರ್ಭ ನೋಡಿ ‘ವಿಪರೀತ’, ‘ಬಾಯಿಗೆ ಬಂದ’, ‘ಹೇಳತೀರದ’ ಎಂದರಾಯಿತು.

ಹುಡುಗಿ ಅಂದು ಇನ್ನೊಂದು ಕೆಲಸವನ್ನೂ ತಂದಿದ್ದಳು. ಕಾಲೇಜಿನ ಕನ್ನಡ ಭಿತ್ತಿಪತ್ರಿಕೆಗೆ ಎಂಡೋಸಲ್ಫಾನ್ ಎಂಬ ಕೀಟನಾಶಕದ ಬಗ್ಗೆ ಒಂದು ಇಂಗ್ಲಿಷ್ ಬರಹವನ್ನು ಅನುವಾದಿಸಬೇಕಿತ್ತು. ಶೀರ್ಷಿಕೆಯಲ್ಲೇ ‘ಎಂಡೋಸಲ್ಫಾನ್ ಔಟ್‌ರೇಜ್’ ಎಂದಿತ್ತು. ಅವಳು ಹಾಳೆಯ ಮೇಲೆ ‘ಎಂಡೋಸಲ್ಫಾನ್ ಆಕ್ರೋಶ’ ಎಂದು ಬರೆದು ತಂದಿದ್ದಳು. ಈಗ ಅದನ್ನು ತಾನೇ ಹೊಡೆದು ಹಾಕಿ, ನಾವೆಲ್ಲ ಬರೆಯುವಂತೆ ‘ಎಂಡೋಸಲ್ಫಾನ್ ದುರಂತ’ ಎಂದು ಬರೆದಳು. ಬರೆದು ಪೆನ್ನನ್ನು ಹಾಗೇ ಹಿಡಿದುಕೊಂಡು ಕುಳಿತಳು.

“ದುರಂತಕ್ಕೆ ಮಾಡಿದವರು ಇರುವುದಿಲ್ಲವಲ್ಲ ಮಾಷ್ಟ್ರೇ. ಸುನಾಮಿ ದುರಂತ, ದೋಣಿ ದುರಂತ ಎನ್ನುತ್ತೇವೆ. ಇದನ್ನು ಮಾಡಿದವರು ಇದ್ದರು.”

ಹೌದು, ಇದ್ದರು. ಸರಕಾರದ್ದೇ ಆದ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಆ ವಿಷವನ್ನು ಸುರಿದರು. ಗುಡ್ಡದ ತಲೆಯಲ್ಲಿ ಗೇರು, ಬುಡದಲ್ಲಿ ಮನೆ, ಗುಡ್ಡ ಕೊರೆದು ತೆಗೆದ ಸುರಂಗದ ನೀರು, ತೋಡು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಒಂದೊಂದು ಮನೆಯ ಕಾಯಿಲೆಯನ್ನೂ ಕಂಡು ಮೊದಲು ಪ್ರಶ್ನೆ ಎತ್ತಿದವರು ಅಲ್ಲಿನ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರ್. ದೇಶದಾದ್ಯಂತ ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರ ಮೇ ತಿಂಗಳಲ್ಲಿ. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕು ಎಂದು ಅದೇ ನ್ಯಾಯಾಲಯ ಹೇಳಿದ್ದು 2017ರ ಜನವರಿಯಲ್ಲಿ. ಅದರ ಮೇಲೂ ತಾಯಂದಿರು ತಿರುವನಂತಪುರಕ್ಕೆ ಹೋಗಿ ಸಚಿವಾಲಯದ ಮುಂದೆ ಕೂರಬೇಕಾಯಿತು.

ಆ ತಾಯಂದಿರ ಮಡಿಲಲ್ಲಿದ್ದ ಮಕ್ಕಳಲ್ಲಿ ಎಷ್ಟೋ ಮಂದಿಗೆ ಮಾತಿಲ್ಲ. ತಮಗೆ ಯಾರು ಏನು ಮಾಡಿದರು ಎಂದು ಅವರಿಗೆ ತಿಳಿಯದು, ಸಿಟ್ಟಾಗಲೂ ತಿಳಿಯದು. “ಆ ಏಳೂವರೆ ತಿಂಗಳ ಕೂಸಿನ ಹಾಗೆ” ಎಂದಳು ಹುಡುಗಿ.

‘ದುರಂತ’ದ ಮೇಲೂ ಗೆರೆ ಎಳೆದಳು. ಸ್ವಲ್ಪ ಹೊತ್ತು ಯೋಚಿಸಿ ಕೆಳಗೆ ‘ಎಂಡೋಸಲ್ಫಾನ್ ದೌರ್ಜನ್ಯ’ ಎಂದು ದಪ್ಪ ಅಕ್ಷರದಲ್ಲಿ ಬರೆದಳು. ಆಮೇಲೆ ಪುಟ ತಿರುಗಿಸಿ, ಮೊದಲ ವಾಕ್ಯದಿಂದ ಅನುವಾದವನ್ನು ಹೊಸದಾಗಿ ಆರಂಭಿಸಿದಳು.